ಕಥೆ ಕೇಳ್ತಾರೆ ಸರಿ, ಅಕ್ಷರ ಯಾವಾಗ ಬರುತ್ತೆ ಅನ್ನುವ ಪೋಷಕರಿಗೆ ಏನು ಹೇಳೋದು?

ಭಾನುವಾರದ ಓದು:
ನಮ್ಮದು ಏಳೆಂಟು ಜನರ ಗುಂಪು. ಭಾನುವಾರ ಬೆಳಿಗ್ಗೆ ಮೂರರಿಂದ ಆರು ವರ್ಷದ ಮಕ್ಕಳನ್ನು ಕೂರಿಸಿಕೊಂಡು ಚಿತ್ರಪುಸ್ತಕ ಓದಿ ಹೇಳುತ್ತೇವೆ. ಮಕ್ಕಳಿಗೆ ಬಲು ಖುಷಿ. ಒಂದೇ ಪುಸ್ತಕವನ್ನು "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಪೀಡಿಸುತ್ತಾರೆ. ತಕರಾರು ಇರೋದು ದೊಡ್ಡವರದ್ದು. "ಇಷ್ಟು ದಿನ ಆಯ್ತು, ಅ ಆ ಇ ಈ ಬರೆಯೋಕೂ ಬರಲ್ಲ. ಸುಮ್ನೆ ಕಥೆ ಕೇಳಿ ಏನು ಬಂತು?" ಅಂತಾರೆ. ಕೆಲವರು ಮಕ್ಕಳನ್ನು ಬಿಡಿಸಿ ಟ್ಯೂಷನ್‌ಗೆ ಹಾಕಿದರು. ಈಗ ನಮ್ಮವರೇ ಅರ್ಧ ಗಂಟೆ ಕಾಪಿ ಬರೆಸೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಆದರೆ ವಾದ ಮಾಡೋಕೆ ಹತ್ತಿರ ಏನೂ ಇಲ್ಲ. ಇಂಥದ್ದು ನಡೆಸಿದವರು ಯಾರಾದರೂ ಇದ್ದೀರಾ? ಪುಸ್ತಕ ಮನೆಗೆ ಕೊಡೋದು ಸರಿಯಾ, ಅದನ್ನೂ ಹೇಳಿ. ಹರಿದು ಹಾಕುತ್ತಾರೆ ಅಂತ ಭಯ.

ಕೊನೆ ಬೆಂಚು:
ಕಾಪಿ ಬೇಡ. ಬರೆಯೋದಕ್ಕೆ ಬೆರಳು ಬಲಿಯಬೇಕು, ಓದೋದಕ್ಕೆ ಮಾತು ಬಲಿಯಬೇಕು. ಎರಡೂ ಒಂದೇ ಅಂದುಕೊಂಡಿರೋದೇ ಈ ಜಗಳದ ಮೂಲ.

ನಾನು ಬಹಳ ವರ್ಷ ಇಂಥದ್ದೇ ಗುಂಪಿನಲ್ಲಿದ್ದೆ. ನಿಮಗೊಂದು ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ವಾರಕ್ಕೊಂದು ಗಂಟೆಯಿಂದ ಹೆಚ್ಚೇನೂ ಆಗಲ್ಲ. ಉಳಿದ ಆರು ದಿನ ಮಗು ಇರೋದು ಮನೆಯಲ್ಲಿ. ಹಾಗಾಗಿ ನಿಮ್ಮ ನಿಜವಾದ ವಿದ್ಯಾರ್ಥಿಗಳು ಆ ತಕರಾರು ಮಾಡುವ ಪೋಷಕರೇ. ಅವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ, ಒಳಗೆ ಕೂರಿಸಿ.

ಒಳಗೆ ಕೂತವರು ಏನು ನೋಡಬೇಕು? ನೀವು ಓದುವ ರೀತಿ. ಗಡಗಡ ಓದಿ ಮುಗಿಸಿದರೆ ಮಗುವಿಗೆ ಕೇಳೋದೊಂದೇ ಕೆಲಸ. ಪುಟ ತಿರುಗಿಸುವ ಮೊದಲು "ಇವನು ಯಾಕೆ ಅಳ್ತಿದ್ದಾನೆ?" ಅಂತ ಕೇಳಿ. ಮಗು "ಬಿದ್ದ" ಅಂದರೆ "ಹೌದು, ಮರದಿಂದ ಜಾರಿ ಬಿದ್ದ" ಅಂತ ಅದರ ಮಾತಿಗೇ ಎರಡು ಪದ ಸೇರಿಸಿ ವಾಪಸ್ ಕೊಡಿ. ವೈಟ್‌ಹರ್ಸ್ಟ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು 1988ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ಎರಡು ವರ್ಷದ ಆಸುಪಾಸಿನ ಮಕ್ಕಳ ಪೋಷಕರಿಗೆ ಹೀಗೆ ಓದೋದನ್ನು ಹೇಳಿಕೊಟ್ಟರು. ಇನ್ನೊಂದು ಗುಂಪಿನವರು ಎಂದಿನ ಹಾಗೆ ಓದಿದರು. ಒಂದೇ ತಿಂಗಳಲ್ಲಿ ಮೊದಲ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು. ಎರಡೂ ಕಡೆ ಓದುತ್ತಲೇ ಇದ್ದರು, ಬದಲಾಗಿದ್ದು ಓದುವ ರೀತಿ.

ಪುಸ್ತಕ ಮನೆಗೆ ಕೊಡಿ, ಕಣ್ಣು ಮುಚ್ಚಿಕೊಂಡು ಕೊಡಿ. ಅಮೆರಿಕದ ಬಾಸ್ಟನ್‌ನಲ್ಲಿ 1989ರಲ್ಲಿ ಮಕ್ಕಳ ಡಾಕ್ಟರುಗಳೇ ಈ ಕೆಲಸ ಶುರು ಮಾಡಿದರು. ರೀಚ್ ಔಟ್ ಆ್ಯಂಡ್ ರೀಡ್ ಅಂತ ಹೆಸರು. ಮಗುವಿನ ತಪಾಸಣೆಗೆ ಬಂದವರ ಕೈಗೆ ಪುಸ್ತಕ ಕೊಟ್ಟು, ಹೇಗೆ ಓದಿ ಹೇಳಬೇಕು ಅಂತ ಅಲ್ಲೇ ತೋರಿಸಿ ಕಳಿಸುವ ಪದ್ಧತಿ. ಬ್ರಿಟನ್ನಿನ ಬುಕ್‌ಸ್ಟಾರ್ಟ್ ಕೂಡ 1992ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಳೇ ಕೂಸುಗಳ ಮನೆಗೆ ಪುಸ್ತಕ ಕೊಡುವುದರಿಂದಲೇ ಶುರುವಾಯಿತು. ಹರಿಯುತ್ತೆ ಅನ್ನೋ ಲೆಕ್ಕ ಅವರಿಗೂ ಗೊತ್ತಿತ್ತು.

ಒಂದನೇ ಕ್ಲಾಸ್ ಟೀಚರ್:
ಮೇಲಿನವರ ಮಾತು ಒಪ್ಪಿದೆ, ಆದರೆ ಅರ್ಧ. ಕಥೆ ಕೇಳಿದ ಮಾತ್ರಕ್ಕೆ ಓದು ತಾನಾಗಿ ಬರಲ್ಲ. ಅದನ್ನೂ ಪೋಷಕರಿಗೆ ಪ್ರಾಮಾಣಿಕವಾಗಿ ಹೇಳಬೇಕು, ಅಲ್ವಾ? ಗಾಫ್ ಮತ್ತು ಟನ್ಮರ್ ಅನ್ನುವ ಸಂಶೋಧಕರು 1986ರಲ್ಲಿ ಹೇಳಿದ ಸೂತ್ರ ನನಗೆ ಇಷ್ಟ: ಅಕ್ಷರ ಗುರುತಿಸಿ ಪದ ಓದುವ ಶಕ್ತಿಯನ್ನು ಮಾತು ಅರ್ಥವಾಗುವ ಶಕ್ತಿಯಿಂದ ಗುಣಿಸಿದರೆ ಓದು. ಗುಣಾಕಾರ, ಕೂಡುವ ಲೆಕ್ಕ ಅಲ್ಲ. ಒಂದು ಕಡೆ ಸೊನ್ನೆ ಇದ್ದರೆ ಉತ್ತರವೂ ಸೊನ್ನೆ. ಪಾಠವನ್ನು ಗಟ್ಟಿಯಾಗಿ ಓದಿ, ಏನಿತ್ತು ಅಂತ ಕೇಳಿದರೆ ಮುಖ ನೋಡುವ ಮಕ್ಕಳು ನನ್ನ ಕ್ಲಾಸಿಗೆ ಪ್ರತಿ ವರ್ಷ ಬರುತ್ತಾರೆ. ಕಥೆಯೆಲ್ಲ ಬಾಯಿಪಾಠ, ಒಂದು ಪದವೂ ಗುರುತಿಲ್ಲ ಅನ್ನುವವರೂ ಬರುತ್ತಾರೆ.

ಹಾಗಂತ ಕಾಪಿ ಬೇಡ. ಶಬ್ದದ ಆಟ ಆಡಿಸಿ. ಕ-ಮ-ಲ ಅಂತ ಚಪ್ಪಾಳೆ ಹೊಡೆದು ಒಡೆಯೋದು. ಮರ, ಮನೆ, ಮಳೆ, ಇದರ ಜೊತೆ ಇನ್ಯಾವುದು ಸೇರುತ್ತೆ ಅಂತ ಹುಡುಕೋದು. ಮಗುವಿನ ಹೆಸರಿನ ಮೊದಲ ಅಕ್ಷರ ಪುಸ್ತಕದಲ್ಲಿ ಎಲ್ಲಿದೆ ಅಂತ ತೋರಿಸೋದು. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಇನ್ನೊಂದು ವಿಷಯ, ಇದನ್ನು ಆ ಪೋಷಕರಿಗೆ ಖಂಡಿತ ಹೇಳಿ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಗುರುತಿಸಬೇಕಾದ ಆಕಾರಗಳು ನೂರಾರು. ಸೋನಾಲಿ ನಾಗ್ ಅನ್ನುವ ಸಂಶೋಧಕರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆಯೇ ಅಧ್ಯಯನ ಮಾಡಿ 2007ರಲ್ಲಿ ಬರೆದಿದ್ದಾರೆ. ಈ ಕಲಿಕೆ ಮೂರನೇ, ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತೆ. ನಾಲ್ಕು ವರ್ಷದ ಕೂಸಿಗೆ ಅವಸರ ಮಾಡಿ ಪ್ರಯೋಜನ ಏನು?

ಅಂಟು ಟೇಪು:
ಹರಿಯೋದರ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಹರಿದ ಪುಸ್ತಕಕ್ಕೆ ದಂಡ ಇಲ್ಲ, ತಂದು ಕೊಟ್ಟರೆ ಮಗುವಿನ ಜೊತೆ ಕೂತೇ ಅಂಟಿಸುತ್ತೇವೆ. ದಂಡ ಹಾಕಿದರೆ ತಾಯಂದಿರು ಪುಸ್ತಕವನ್ನು ಬೀರು ಮೇಲೆ ಇಟ್ಟುಬಿಡುತ್ತಾರೆ. ಪುಸ್ತಕ ಹೊಸದಾಗಿಯೇ ಇರುತ್ತೆ, ಮಗು ಮುಟ್ಟಿರಲ್ಲ. ದುಡ್ಡು ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ನೋಡಿ. 2015ರಿಂದ ಇದೆ. ಕನ್ನಡದ ಚಿತ್ರಪುಸ್ತಕಗಳು ಉಚಿತ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಒಂದರಿಂದ ನಾಲ್ಕರವರೆಗೆ ಹಂತ ಹಾಕಿದ್ದಾರೆ. ನಿಮ್ಮ ಮಕ್ಕಳಿಗೆ ಮೊದಲ ಹಂತ.

ಭಾನುವಾರದ ಓದು:
ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಕೆಲವು ಮನೆಗಳಲ್ಲಿ ಅಪ್ಪ ಅಮ್ಮನಿಗೇ ಓದು ಬರಲ್ಲ. ಅವರ ಕೈಗೆ ಪುಸ್ತಕ ಕೊಟ್ಟರೆ ಮುಜುಗರ ಆಗಲ್ವಾ?

ಕೊನೆ ಬೆಂಚು:
ಪದವೇ ಇಲ್ಲದ ಚಿತ್ರಕಥೆಗಳು ಸಿಗುತ್ತವೆ, ಅವನ್ನು ಕೊಡಿ. ಆದರೆ ಓದು ಬಾರದವರಿಗೆ ಮಾತ್ರ ಕೊಡಬೇಡಿ, ಎದ್ದು ಕಾಣುತ್ತೆ. ಎಲ್ಲ ಮನೆಗೂ ಅದೇ ವಾರ ಅದನ್ನೇ ಕಳಿಸಿ. ಮುಂದಿನ ಭಾನುವಾರ ನಿಮ್ಮನೆಯಲ್ಲಿ ಕಥೆ ಹೇಗೆ ಆಯ್ತು ಅಂತ ಕೇಳಿ. ಓದಿದವರು ಚಿತ್ರದಲ್ಲಿ ಇದ್ದಿದ್ದನ್ನಷ್ಟೇ ಹೇಳುತ್ತಾರೆ. ಓದದ ಅಜ್ಜಿಯರು ಕಥೆಯನ್ನು ಎಲ್ಲಿಗೋ ಎಳೆದುಕೊಂಡು ಹೋಗಿರುತ್ತಾರೆ. ಅಂಥವರನ್ನೇ ಹಿಡಿದು ಮುಂದಿನ ವಾರ ಕಥೆ ಹೇಳೋಕೆ ಕೂರಿಸಿ.