ಮುಂಬಯಿಯಲ್ಲಿ ಕೇಳುಗರೇ ನಡೆಸಿದ ಜಾಝ್ ವೇದಿಕೆ ಇತ್ತೇ?

ಪ್ರಶ್ನೆ: ಮಾಟುಂಗಾ ಓದುಗ

ಮಾನ್ಯರೇ, ಮುಂಬಯಿಯ ಜಾಝ್ ಸಂಗೀತದ ಬಗ್ಗೆ ನನಗೆ ಸಿಕ್ಕ ಬರಹಗಳೆಲ್ಲ ತಾಜ್ ಹೋಟೆಲಿನ ನೃತ್ಯಶಾಲೆ ಮತ್ತು ಚರ್ಚ್‌ಗೇಟ್ ರಸ್ತೆಯ ರೆಸ್ಟೋರೆಂಟುಗಳ ಸುತ್ತಲೇ ತಿರುಗುತ್ತವೆ. ಅಲ್ಲಿ ಸಂಬಳ ಕೊಡುತ್ತಿದ್ದವರು ಮಾಲೀಕರು. ಏನು ನುಡಿಸಬೇಕೆಂಬುದನ್ನು ತೀರ್ಮಾನಿಸುತ್ತಿದ್ದುದು ಊಟಕ್ಕೂ ಕುಣಿತಕ್ಕೂ ಬಂದ ಗಿರಾಕಿಗಳ ಇಷ್ಟ. ಈ ಊರಿನಲ್ಲಿ ನಮ್ಮವರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ವಂತಿಗೆ ಎತ್ತಿ, ಯಕ್ಷಗಾನ ಮಂಡಳಿಗಳನ್ನು ಕಟ್ಟಿ ನಡೆಸಿದ್ದನ್ನು ಬಲ್ಲೆನಾದ್ದರಿಂದ ಕೇಳುತ್ತಿದ್ದೇನೆ: ಜಾಝ್‌ಗೂ ಅಂಥ ನೆಲೆಯೊಂದು ಇಲ್ಲಿ ಇತ್ತೇ? ಇದ್ದರೆ ಅಲ್ಲಿನ ವಾತಾವರಣ ಹೇಗಿತ್ತು?

ಉತ್ತರ: ಗಿರಗಾಂವ್ ನಿವಾಸಿ

ಇತ್ತು, ಆದರೆ ಒಂದೇ ಕಟ್ಟಡದಲ್ಲಿ, ಒಂದೇ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. 1935ರಲ್ಲಿ ಲಿಯಾನ್ ಆಬಿಯವರ ಆಫ್ರಿಕನ್-ಅಮೆರಿಕನ್ ವಾದ್ಯತಂಡ ತಾಜ್‌ಗೆ ಬಂದಿತು. ಮುಂದೆ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಬಂದರು. ಇವರ ಜೊತೆಯಲ್ಲಿ ಪಳಗಿ, ಆ ಸಂಗೀತವನ್ನು ಇಲ್ಲಿ ಬೇರೂರಿಸಿದವರು ಗೋವಾದ ವಾದ್ಯಗಾರರು. ಪೋರ್ಚುಗೀಸರ ಕಾಲದಿಂದಲೂ ಅಲ್ಲಿನ ಇಗರ್ಜಿಯ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದುದರಿಂದ, ಮುಂಬಯಿಗೆ ಬಂದಿಳಿದ ಹುಡುಗನಿಗೆ ಕಾಗದದ ಮೇಲಿನ ಸ್ವರಗಳನ್ನು ಓದಲು ಆಗಲೇ ಬರುತ್ತಿತ್ತು. ಅವನು ಇಲ್ಲಿ ಹೊಸದಾಗಿ ಕಲಿಯಬೇಕಾಗಿದ್ದದ್ದು ಯಾವ ಕಾಗದದಲ್ಲೂ ಬರೆದಿಡಲಾಗದ ಲಯದ ತೂಗಾಟವನ್ನು ಮತ್ತು ಮನೋಧರ್ಮವನ್ನು, ಎಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ಕಲೆಯನ್ನು.

ಹೀಗೆ ಬಂದ ಅನೇಕರಿಗೆ ಮೊದಲ ಆಸರೆಯಾದದ್ದು ಧೋಬಿ ತಲಾವ್ ಪರಿಸರದ ಕೂಡ್‌ಗಳು. ಗೋವಾದ ಒಂದೊಂದು ಊರಿನವರು ತಮ್ಮ ಊರಿನವರಿಗಾಗಿ ನಡೆಸುತ್ತಿದ್ದ, ಅಲ್ಪ ಬಾಡಿಗೆಯ ವಸತಿಗಳಿವು; ಜೇರ್ ಮಹಲ್ ಕಟ್ಟಡದಲ್ಲಿ ಇಂದಿಗೂ ಕೆಲವು ಇವೆ. ಒಳಗೆ ಕಾಲಿಟ್ಟರೆ ಮಂಚಗಳಿಲ್ಲ, ಗೋಡೆಯುದ್ದಕ್ಕೂ ಸದಸ್ಯರ ಪೆಟ್ಟಿಗೆಗಳು. ಎದುರಿಗೆ ಊರಿನ ಸಂತನ ಪೀಠ, ಸಂಜೆಗೆ ಎಲ್ಲರೂ ಕೂಡಿ ಹೇಳುವ ಜಪಸರದ ಪ್ರಾರ್ಥನೆ. ಹಡಗಿನ ಕೆಲಸಗಾರ, ಅಡುಗೆಯವ, ತುತ್ತೂರಿ ನುಡಿಸುವವ ಒಂದೇ ನೆಲದ ಮೇಲೆ ಮಲಗುತ್ತಿದ್ದರು. ಕೂಡ್ ಜಾಝ್ ಕ್ಲಬ್ ಆಗಿರಲಿಲ್ಲ, ನಿಜ. ಆದರೆ ಒಂದು ಹೋಟೆಲಿನ ಕರಾರು ಮುಗಿದು ಇನ್ನೊಂದು ಸಿಗುವವರೆಗೆ ವಾದ್ಯಗಾರ ಊರಿಗೆ ಮರಳದೆ ಇಲ್ಲೇ ಉಳಿಯಲು ಸಾಧ್ಯವಾದದ್ದು ಇಂಥ ಕಡೆ, ಮತ್ತು ನನ್ನ ದೃಷ್ಟಿಯಲ್ಲಿ ನೃತ್ಯಶಾಲೆಗಿಂತ ಇದರ ಋಣವೇ ದೊಡ್ಡದು. ಚಿಕ್ ಚಾಕೊಲೇಟ್ ಎಂದು ಹೆಸರಾದ ಗೋವಾದ ಅಲ್ದೋನಾದ ತುತ್ತೂರಿ ವಾದಕರು ಸಂಗೀತ ನಿರ್ದೇಶಕ ಸಿ. ರಾಮಚಂದ್ರರಿಗೆ ನೆರವಾಗಿ 1951ರ ಹಿಂದಿ ಚಿತ್ರ 'ಅಲ್‌ಬೇಲಾ'ದ ಹಾಡುಗಳಿಗೆ ಸ್ವಿಂಗ್ ಎಂಬ ಆ ತೂಗಾಟವನ್ನು ತುಂಬಿದ್ದು ಈ ಪರಂಪರೆಯ ಫಲ.

ಉತ್ತರ: ದಾದರ್‌ನ ನಿವೃತ್ತ ಅಧ್ಯಾಪಕಿ

ಮೇಲಿನವರು ವಾದ್ಯಗಾರರ ಕಡೆಯಿಂದ ಹೇಳಿದರು. ಕೇಳುಗರ ಕಡೆಯಿಂದ ನಾನು ಸೇರಿಸುತ್ತೇನೆ. ನೀವು ಕೇಳಿದ್ದಕ್ಕೆ ನೇರವಾದ ಉತ್ತರವೆಂದರೆ 'ಜಾಝ್ ಇಂಡಿಯಾ'. ನಿರಂಜನ ಝವೇರಿಯವರ ಮುಂದಾಳತ್ವದಲ್ಲಿ ರಸಿಕರೇ ಕಟ್ಟಿದ ಈ ಸಂಸ್ಥೆ 1978ರಲ್ಲಿ ಮೊದಲ 'ಜಾಝ್ ಯಾತ್ರಾ' ಉತ್ಸವವನ್ನು ನಡೆಸಿತು. ಅಲ್ಲಿಯವರೆಗೆ ದೊಡ್ಡ ಕಲಾವಿದರನ್ನು ಕಾಣಬೇಕಿದ್ದರೆ ಬಹುಮಟ್ಟಿಗೆ ಅಮೆರಿಕ ಸರಕಾರವೇ ಕಳಿಸಿಕೊಡಬೇಕಿತ್ತು; 1958ರಲ್ಲಿ ಡೇವ್ ಬ್ರೂಬೆಕ್, 1963ರಲ್ಲಿ ಡ್ಯೂಕ್ ಎಲಿಂಗ್ಟನ್ ಹಾಗೆಯೇ ಬಂದದ್ದು. ಈ ಸಲ ಸಾನಿ ರಾಲಿನ್ಸ್ ಅವರಂಥವರು ಬಂದದ್ದು ನಮ್ಮೂರಿನ ರಸಿಕರ ಕರೆಗೆ ಓಗೊಟ್ಟು.

ಧೋಬಿ ತಲಾವ್‌ನ ರಂಗಭವನವೆಂಬ ಬಯಲು ರಂಗಮಂದಿರದಲ್ಲಿ ಕುಳಿತು ಕೇಳಿದವರಿಗೆ ಆ ವ್ಯತ್ಯಾಸ ಮೈಗೇ ತಿಳಿಯುತ್ತಿತ್ತು. ಮೇಜಿಲ್ಲ, ತಟ್ಟೆ-ಚಮಚಗಳ ಸದ್ದಿಲ್ಲ; ಡ್ರಮ್ ವಾದಕ ಬರಿಯ ಬ್ರಷ್‌ನಿಂದ ಚರ್ಮವನ್ನು ಸವರಿದರೂ ಹಿಂದಿನ ಸಾಲಿನವರೆಗೆ ಕಿವಿಗೊಟ್ಟು ಕೇಳುವ ಜನ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತನಿ ಆವರ್ತನಕ್ಕೆ, ಎಂದರೆ ಮೃದಂಗದವರ ಬಿಡಿ ವಾದನಕ್ಕೆ, ಕಾದು ಕೂರುವ ಅಭ್ಯಾಸವಿದ್ದ ನನಗೆ ಆ ಸಭೆ ಪರಕೀಯವೆನಿಸಲೇ ಇಲ್ಲ. 1980ರ ಉತ್ಸವದಲ್ಲಿ ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿದ ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹಂಚಿಕೊಂಡರು. ಬಂಟ್ವಾಳ ಸೀಮೆಯ ಸಜಿಪದಿಂದ ಬಂದು, ಬ್ಯಾಂಡ್ ವಾದ್ಯವನ್ನು ಕರ್ನಾಟಕ ಸಂಗೀತದ ಗಮಕಕ್ಕೆ ಒಗ್ಗಿಸಿದ್ದ ಕಲಾವಿದನಿಗೆ ಜಗತ್ತಿನ ಬಾಗಿಲು ತೆರೆದದ್ದು ಇಂಥ ಸಭೆಯಲ್ಲಿ ಎಂಬುದನ್ನು ಮುಂಬಯಿ ಕನ್ನಡಿಗರು ಇನ್ನೂ ಹೆಚ್ಚು ಹೇಳಿಕೊಳ್ಳಬೇಕು.

ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ಶಾಂತವಲಯವೆಂದು ಕಾಣುವ ಶಬ್ದನಿಯಮಗಳು ಬಂದ ಮೇಲೆ ರಂಗಭವನದಲ್ಲಿ ಕಛೇರಿಗಳು ನಿಂತವು. ರೋಗಿಗಳ ನೆಮ್ಮದಿ ಮುಖ್ಯವೇ. ಆದರೂ ನಗರದ ಮಧ್ಯದಲ್ಲಿ ಕಡಿಮೆ ಖರ್ಚಿಗೆ ದೊರೆಯುತ್ತಿದ್ದ ಬಯಲೊಂದು ಹೋದರೆ, ಲಾಭವಿಲ್ಲದೆ ದುಡಿಯುವ ಸಂಘಕ್ಕೆ ಮತ್ತೊಂದನ್ನು ಹುಡುಕುವುದು ಎಷ್ಟು ಕಷ್ಟವೆಂದು ಸಂಘ ನಡೆಸಿದವರಿಗೆ ಗೊತ್ತು.

ಉತ್ತರ: ಠಾಣೆಯಿಂದ

ಒಂದು ಮಾತಿಗೆ ನನ್ನ ತಕರಾರಿದೆ. ಹೋಟೆಲುಗಳನ್ನು ಅಷ್ಟು ಹಗುರವಾಗಿ ಕಾಣಬಾರದು. ಮಿಕ್ಕಿ ಕೊರಿಯಾ 1939ರಿಂದ ಸುಮಾರು ಎರಡು ದಶಕ ತಾಜ್‌ನಲ್ಲಿ ತಂಡವನ್ನು ನಡೆಸಿದರು. ತಿಂಗಳ ಸಂಬಳ ನಿಶ್ಚಿತವಾಗಿದ್ದುದರಿಂದಲೇ ಒಂದೇ ತಂಡ ಅಷ್ಟು ಕಾಲ ಕೂಡಿ ಅಭ್ಯಾಸ ಮಾಡಲು ಸಾಧ್ಯವಾಯಿತು. ಕೇಳುಗರ ಸಂಘ ಉತ್ಸವ ನಡೆಸಬಲ್ಲುದು, ವಾದ್ಯಗಾರನ ಮನೆಬಾಡಿಗೆಯನ್ನು ಪ್ರತಿ ತಿಂಗಳೂ ಕಟ್ಟಲಾರದು.

ಮಾಟುಂಗಾದವರು ಈಗ ಕೇಳಬಯಸಿದರೆ ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ಸಭಾಂಗಣಗಳ ಕಾರ್ಯಕ್ರಮಪಟ್ಟಿಯನ್ನು ಗಮನಿಸುತ್ತಿರಲಿ. ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ಮಾಡಿದ 'ಜ್ಯೋತಿ' ಧ್ವನಿಮುದ್ರಿಕೆಯನ್ನೂ ಕೇಳಲಿ; ಆರ್.ಎ. ರಮಾಮಣಿಯವರ ಕಂಠ ಮತ್ತು ಸ್ಯಾಕ್ಸೊಫೋನ್ ಒಂದರ ದಾರಿಗೆ ಇನ್ನೊಂದು ಅಡ್ಡ ಬರದೆ ಸಾಗುವುದನ್ನು ಅಲ್ಲಿ ಸ್ಪಷ್ಟವಾಗಿ ಕೇಳಬಹುದು.