ಪದಚರ್ಚೆ: ಮಿದುಳು ಕ್ಯಾನ್ಸರಿನ ‘ಬಯೋಮಾರ್ಕರ್’ಗೆ ಕನ್ನಡ ಪದ

ಪ್ರಶ್ನೆ: ಮಾನ್ಯರೇ, ಮಿದುಳಿನ ಕ್ಯಾನ್ಸರ್ ಗಡ್ಡೆಯ ಸಂಶೋಧನೆಗೆ ರಕ್ತ ಕೊಡುವವರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ರೋಗದ ಸುಳಿವು ಕೊಡುವ ದೇಹದ ವಸ್ತುವಿಗೆ ಇಂಗ್ಲಿಷಿನಲ್ಲಿ ‘ಬಯೋಮಾರ್ಕರ್’ ಎನ್ನುತ್ತಾರೆ. ರಕ್ತದಲ್ಲಿ ಸಿಗುವ ಅಂಥದ್ದಕ್ಕೆ ‘ರಕ್ತಾಧಾರಿತ ಜೈವಿಕ ಸೂಚಕ’ ಎಂದು ಬರೆದಿದ್ದೇನೆ, ಸರಿಯೇ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಉತ್ತರ: ಮೊದಲು ‘ರಕ್ತಾಧಾರಿತ’ವನ್ನು ತೆಗೆಯಿರಿ. ಸಮಾಸ ವ್ಯಾಕರಣಕ್ಕೆ ಒಗ್ಗಬಹುದು, ರೋಗಿಗೆ ಒಗ್ಗುವುದಿಲ್ಲ. ಹಿಂದೆ ಇಂಥದೇ ಪತ್ರದಲ್ಲಿ ನಾನು ‘ಮಿದುಳು ಕ್ಯಾನ್ಸರಿನ ರಕ್ತಾಧಾರಿತ ಸೂಚಕ’ ಎಂದು ಬರೆದಿದ್ದೆ. ರೋಗಿಯ ತಾಯಿ ಆ ಸಾಲಿನ ಮೇಲೆ ಬೆರಳಿಟ್ಟು, “ಹಂಗಾದ್ರೆ ಕ್ಯಾನ್ಸರ್ ರಕ್ತಕ್ಕೂ ಬಂದ್ಬಿಟ್ಟೈತಾ ಸಾರ್?” ಎಂದು ಕೇಳಿದರು. ಆ ಭಯವನ್ನು ಹುಟ್ಟಿಸಿದ್ದು ನನ್ನ ಸಮಾಸ.

‘ಸೂಚಕ’ವೂ ಬೇಡ. ಶಾಲೆಯಲ್ಲಿ ಲಿಟ್ಮಸ್ ಸೂಚಕ. ಬಣ್ಣ ತಿರುಗಿದರೆ ಆಮ್ಲವೋ ಪ್ರತ್ಯಾಮ್ಲವೋ ಎಂಬುದು ಅಲ್ಲಿಗೇ ತೀರ್ಮಾನ. ಇಲ್ಲಿ ಹಾಗಲ್ಲ. ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರ್ ಇರುವವರ ರಕ್ತದಲ್ಲಿ ಜಿ.ಎಫ್.ಎ.ಪಿ. ಎಂಬ ಪ್ರೋಟೀನ್ ಹೆಚ್ಚಾಗಿ ಕಾಣಬಹುದು. ಆದರೆ ತಲೆಗೆ ಪೆಟ್ಟು ಬಿದ್ದವರಲ್ಲಿಯೂ ಅದು ಏರುತ್ತದೆ, 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ತಲೆಪೆಟ್ಟಿನ ರಕ್ತಪರೀಕ್ಷೆ ಅಳೆಯುವ ಎರಡು ಪ್ರೋಟೀನ್‌ಗಳಲ್ಲಿ ಅದೂ ಒಂದು. ಗಡ್ಡೆಯಿಂದ ಕಳಚಿದ ಡಿ.ಎನ್.ಎ. ತುಣುಕುಗಳಂತೂ ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಿ ಬರುವುದೇ ಕಡಿಮೆ. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅವು ಸಾಮಾನ್ಯವಾಗಿ ಹೆಚ್ಚು ಸಿಗುತ್ತವೆ. ಆದ್ದರಿಂದಲೇ ಇಂದಿಗೂ ಗಡ್ಡೆಯ ಚೂರನ್ನು ತೆಗೆದು ನೋಡುವ ಬಯಾಪ್ಸಿಯೇ ಹೆಚ್ಚಿನ ಮಿದುಳು ಗಡ್ಡೆಗಳಲ್ಲಿ ಕೊನೆಯ ಮಾತು.

ಹೀಗೆ ತಾನು ಕಾಣದ ವಸ್ತು ಬಿಟ್ಟುಹೋದ ಸುಳಿವಿಗೆ ನಮ್ಮಲ್ಲಿ ‘ಕುರುಹು’ ಎಂಬ ಪದವಿದೆ. ಹಳಗನ್ನಡದ ಕುಱುಹು, ತಮಿಳಿನ ಕುಱಿ, ನಮ್ಮದೇ ಗುರುತು, ಗುರಿ ಎಲ್ಲವೂ ಒಂದೇ ಬೇರಿನವು. ಕೆಸರಿನಲ್ಲಿ ಮೂಡಿದ ಗೊರಸಿನ ಕುರುಹನ್ನು ಕಂಡವನು ದನ ಇತ್ತ ಬಂದಿರಬೇಕೆಂದು ಊಹಿಸುತ್ತಾನೆಯೇ ಹೊರತು ದನವೇ ಸಿಕ್ಕಿತೆನ್ನುವುದಿಲ್ಲ. ಈ ಪದದ ಮೊದಲು ‘ಜೈವಿಕ’ ಸೇರಿಸುವ ಅಗತ್ಯವಿಲ್ಲ, ಅದು ರೋಗಿಗೆ ಏನನ್ನೂ ತಿಳಿಸುವುದಿಲ್ಲ.

ರಕ್ತದ ಬಯೋಮಾರ್ಕರ್‌ಗೆ ‘ನೆತ್ತರ ಉಸಿರಿಗುರುತು’, ಕ್ಯಾನ್ಸರಿಗೆ ‘ಏಡಿಹುಣ್ಣು’ ಎಂಬ ಅಚ್ಚಗನ್ನಡ ಪದಗಳನ್ನು ಸೂಚಿಸುವವರೂ ಇದ್ದಾರೆ, ಅವರ ಮಾತನ್ನು ಒಪ್ಪಲಾರೆ. ಕುರುಹು ಜನರ ಬಾಯಲ್ಲಿದೆ, ಅದಕ್ಕಾಗಿ ಅದು ಬೇಕು. ಕ್ಯಾನ್ಸರ್ ಕೂಡ ಜನರ ಬಾಯಲ್ಲಿದೆ, ಅದೇ ಕಾರಣಕ್ಕೆ ಅದೂ ಇರಲಿ. ಅದರ ಬದಲು ಸಂಸ್ಕೃತದ ‘ಅರ್ಬುದ’ ಎಂದು ಬರೆದರೆ ರೋಗಿ ಪಕ್ಕದವರನ್ನು ಕೇಳಬೇಕಾಗುತ್ತದೆ. ಎರವಲು ಪದವೆಂಬ ಒಂದೇ ಕಾರಣಕ್ಕೆ ತಿಳಿದ ಪದವನ್ನು ಹೊರಹಾಕುವುದು ಕನ್ನಡದ ಸೇವೆಯಲ್ಲ.

ಪತ್ರದಲ್ಲಿ ಹೀಗೆ ಹಾಕಿ: ‘ಮಿದುಳಿನ ಗಡ್ಡೆಯು ರಕ್ತದಲ್ಲಿ ಬಿಡಬಹುದಾದ ಕುರುಹುಗಳನ್ನು ಹುಡುಕಲು ನಿಮ್ಮ ತೋಳಿನಿಂದ ಸ್ವಲ್ಪ ರಕ್ತ ತೆಗೆಯುತ್ತೇವೆ. ವೈದ್ಯರು ಇವನ್ನು ಬಯೋಮಾರ್ಕರ್ ಎನ್ನುತ್ತಾರೆ. ನಿಮ್ಮ ರಕ್ತಕ್ಕೆ ಕ್ಯಾನ್ಸರ್ ಬಂದಿದೆ ಎಂದು ಇದರ ಅರ್ಥವಲ್ಲ.’ ಕೊನೆಯ ವಾಕ್ಯ ಮೂಲದಲ್ಲಿ ಇರಲಾರದು. ಸಂಶೋಧಕರನ್ನು ಕೇಳಿ, ಒಪ್ಪಿಸಿ ಸೇರಿಸಿ.