ಅಪ್‌ಡೇಟ್: ಸಾಂಬ್ರಾದ ತರಬೇತಿ ವಿಮಾನದ ರೇಡಿಯೊ ದೋಷ ಪತ್ತೆಯಾಗಿದೆ

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿರುವ ನಮ್ಮ ಎರಡು ಆಸನಗಳ ತರಬೇತಿ ವಿಮಾನದಲ್ಲಿ ನಿಯಂತ್ರಣ ಟವರ್‌ನವರ ಮಾತು ನಮಗೆ ಸ್ಪಷ್ಟವಾಗಿ ಕೇಳಿಸಿದರೂ ನಮ್ಮ ಮಾತು ಅವರಿಗೆ ತುಂಡುತುಂಡಾಗಿ ತಲುಪುತ್ತಿದೆ, ರೇಡಿಯೊ ಸೆಟ್ ಬದಲಿಸಿದರೂ ಸರಿಹೋಗಿಲ್ಲ ಎಂದು ಈ ಹಿಂದೆ ಕೇಳಿದ್ದೆ. ಆಂಟೆನಾ ಪರೀಕ್ಷಿಸಲು ಸೂಚಿಸಿದ ಹಿರಿಯರಿಗೆ ಕೃತಜ್ಞತೆಗಳು. ದೋಷ ಅಲ್ಲಿಯೇ ಇತ್ತು.

ಪರವಾನಗಿ ಹೊಂದಿದ ನಮ್ಮ ಇಂಜಿನಿಯರರು ಆಂಟೆನಾ ಕೇಬಲ್ಲಿಗೆ ಎಸ್‌ಡಬ್ಲ್ಯುಆರ್ ಮೀಟರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಮಾಪಕ; 1 ಎಂದರೆ ಏನೂ ಮರಳುತ್ತಿಲ್ಲ) ಜೋಡಿಸಿ, ವಿಮಾನಗಳ ಮಾತುಕತೆಯ ಪಟ್ಟಿಯಾದ 118ರಿಂದ 137 ಮೆಗಾಹರ್ಟ್ಸ್‌ವರೆಗೆ ಅಳೆಯುವಾಗ, ಕೇಬಲ್ಲನ್ನು ತುಸು ಅಲುಗಿಸಿದರೂ ಮುಳ್ಳು 3ನ್ನು ದಾಟಿ ಜಿಗಿಯುತ್ತಿತ್ತು. ಬಿಚ್ಚಿ ನೋಡಿದರೆ, ಆಂಟೆನಾದ ಬುಡಕ್ಕೂ ವಿಮಾನದ ಅಲ್ಯೂಮಿನಿಯಂ ಹೊದಿಕೆಗೂ ನಡುವೆ ಬಿಳಿ ಪುಡಿಯಂಥ ತುಕ್ಕು ಕಟ್ಟಿತ್ತು. ನಮ್ಮ ಮಳೆಗಾಲದ ತೇವದಲ್ಲಿ, ಅಂಚಿನ ಸೀಲೆಂಟ್ ಬಿರುಕುಬಿಟ್ಟ ಮೇಲೆ, ಇದೇನೂ ಅಚ್ಚರಿಯಲ್ಲ. ಕಾಲು ಅಲೆಯುದ್ದದ, ಎಂದರೆ ಸುಮಾರು 60 ಸೆಂ.ಮೀ. ಉದ್ದದ ಇಂಥ ಆಂಟೆನಾಕ್ಕೆ ವಿಮಾನದ ಲೋಹದ ಮೈಯೇ ಉಳಿದರ್ಧವಾಗಿ ಕೆಲಸ ಮಾಡುವುದರಿಂದ, ಆ ಸಂಪರ್ಕ ಕೆಟ್ಟಾಗ ಪ್ರಸಾರದ ಶಕ್ತಿಯ ಒಂದು ಪಾಲು ಸೆಟ್ಟಿಗೇ ಮರಳುತ್ತದೆ. ಅನೇಕ ಸೆಟ್ಟುಗಳು ಆಗ ತಮ್ಮನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ಇನ್ನಷ್ಟು ತಗ್ಗಿಸುತ್ತವೆ. ಟವರ್‌ನ ಸಂಕೇತ ಸಮೀಪದಲ್ಲಿ ಬಲವಾಗಿಯೇ ಇರುವುದರಿಂದ ಕೇಳುವುದಕ್ಕೆ ಅಷ್ಟು ತೊಂದರೆಯಾಗಿರಲಿಲ್ಲ.

ತುಕ್ಕು ಉಜ್ಜಿ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ, ಹಳೆಯ ಆರ್‌ಜಿ-58 ಕೇಬಲ್ಲಿನ ಬದಲು ಎರಡು ಪದರ ಲೋಹದ ಕವಚವುಳ್ಳ ಆರ್‌ಜಿ-400 ಕೇಬಲ್ ಎಳೆದು, ತುದಿಗಳಿಗೆ ಹೊಸ ಬಿಎನ್‌ಸಿ ಕನೆಕ್ಟರ್ ಕೂಡಿಸಲಾಯಿತು. ಈಗ ಮೀಟರ್ ಇಡೀ ಪಟ್ಟಿಯಲ್ಲಿ 2ಕ್ಕಿಂತ ಕೆಳಗೇ ನಿಲ್ಲುತ್ತದೆ, ಟವರ್‌ನವರೂ ನಮ್ಮ ಧ್ವನಿಗೆ ಐದಕ್ಕೆ ಐದು ಕೊಡುತ್ತಿದ್ದಾರೆ.

ಇಂಜಿನ್ ವೇಗದೊಡನೆ ಏರುವ ಸಣ್ಣ ಶಿಳ್ಳೆಯಂಥ ಸದ್ದು ಮಾತ್ರ ಹೆಡ್‌ಸೆಟ್‌ನಲ್ಲಿ ಉಳಿದಿದೆ. ಅದು ಇಂಜಿನ್ನಿನಿಂದ ತಿರುಗಿ ವಿದ್ಯುತ್ ಒದಗಿಸುವ ಆಲ್ಟರ್ನೇಟರ್‌ನದಿರಬೇಕೆಂಬುದು ನನ್ನ ಅಂದಾಜು. ಮುಂದಿನ ತಪಾಸಣೆಯಲ್ಲಿ ಅದರ ಫಿಲ್ಟರ್ ಮತ್ತು ಅರ್ತಿಂಗ್ ತಂತಿಯನ್ನು ನೋಡಲಿದ್ದೇವೆ.